ಬಾಗಿದ ಮೈಮೇಲೆ ನೇರ ಗೆರೆ: ಡಿಜಿಟಲ್ ಶಿಲ್ಪದಲ್ಲಿ ಯಾವ ಕೆಲಸಕ್ಕೆ ಯಾವ ದಾರಿ

ಚನ್ನಪಟ್ಟಣದ ಬೊಂಬೆ ಕೆಲಸದವರು ಬುಗುರಿಗೆ ಬಣ್ಣದ ಪಟ್ಟೆ ಹಾಕುವಾಗ ಕೈ ಓಡಿಸುವುದಿಲ್ಲ. ಲೇತಿನ ಮೇಲೆ ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ, ಪಟ್ಟೆಯ ಕೊನೆ ತಾನಾಗಿ ಬಂದು ಅದರ ಮೊದಲನ್ನು ಸೇರುತ್ತದೆ. ಅಂಥದೇ ಒಂದು ಬುಗುರಿಯನ್ನು ಮಕ್ಕಳ ಆಟವೊಂದಕ್ಕಾಗಿ ಕಂಪ್ಯೂಟರಿನಲ್ಲಿ ಕೆತ್ತಿದಾಗ, ಅದರ ಹೊಟ್ಟೆಯ ಸುತ್ತ ಒಂದೇ ಒಂದು ಕೆಂಪು ಗೆರೆ ಎಳೆಯಲು ನನಗೆ ಅರ್ಧ ದಿನ ಹಿಡಿಯಿತು. ಮುಂದಿನಿಂದ ನೋಡಿದರೆ ಪಟ್ಟಿ ಇಟ್ಟು ಎಳೆದಷ್ಟು ನೇರವಾಗಿದ್ದ ಗೆರೆ, ಬುಗುರಿಯನ್ನು ಕಾಲು ಸುತ್ತು ತಿರುಗಿಸಿದ ಕೂಡಲೇ ಮೇಲಕ್ಕೆ ಏರಿ ಕುಳಿತಿತ್ತು. ಹಿಂಬದಿಯಿಂದ ಎಳೆದ ಇನ್ನೊಂದು ಗೆರೆಯೂ ಹಾಗೆಯೇ ಏರಿತ್ತು. ಎರಡರ ನಡುವೆ ಉಳಿದಿದ್ದ ಖಾಲಿ ಜಾಗವನ್ನು ಕೈಯಿಂದ ತುಂಬಿದಾಗ ಅಲ್ಲಿ ಒಂದು ಗೂನು ಎದ್ದಿತು.

ಆ ದಿನ ನಾನು ಬ್ರಷ್ ಬದಲಿಸಿದೆ, ಟ್ಯಾಬ್ಲೆಟ್ಟಿನ ಪೆನ್ನನ್ನು ಬೈದೆ, ಕೈನಡುಕ ತಡೆಯುವ ಆಯ್ಕೆಯನ್ನು ಪೂರ್ತಿ ಏರಿಸಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ, ಏಕೆಂದರೆ ಅದು ಕೈ ನಡುಗಿದ್ದರಿಂದ ಆದ ತಪ್ಪೇ ಆಗಿರಲಿಲ್ಲ. ಬಾಗಿದ ಮೈಮೇಲೆ 'ನೇರ' ಎಂಬ ಮಾತಿಗೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ, ಮತ್ತು ತಂತ್ರಾಂಶದ ಒಂದೊಂದು ಉಪಕರಣವೂ ಅವುಗಳಲ್ಲಿ ಒಂದನ್ನು ಮಾತ್ರ ಬಲ್ಲದು. ಡಿಜಿಟಲ್ ಶಿಲ್ಪ ಕೆತ್ತುವ ತಂತ್ರಾಂಶಗಳಲ್ಲಿ ಝೀಬ್ರಷ್ ಮೇಲೋ, ಬ್ಲೆಂಡರ್ ಮೇಲೋ, ಟ್ಯಾಬ್ಲೆಟ್ಟಿನ ನೋಮ್ಯಾಡ್ ಸಾಕೋ ಎಂದು ಕೇಳುವ ಮೊದಲು ಯಾವ ನೇರ ಬೇಕು ಎಂದು ತೀರ್ಮಾನಿಸಿಕೊಂಡರೆ ಆಯ್ಕೆಯ ಮುಕ್ಕಾಲು ಪಾಲು ಮುಗಿದಂತೆಯೇ.

ನಾಲ್ಕು ಬಗೆಯ ನೇರ

ಮೊದಲನೆಯದು ಪರದೆಯ ನೇರ. ನೋಡುವವನ ಕಣ್ಣಿಗೆ, ಆ ಒಂದು ಕೋನದಿಂದ ಮಾತ್ರ, ಗೆರೆ ನೇರವಾಗಿ ಕಾಣುತ್ತದೆ. ಮಾದರಿಯನ್ನು ತಿರುಗಿಸಿದರೆ ಆ ಖಾತರಿ ಮುಗಿಯಿತು. ಎರಡನೆಯದು ಕತ್ತಿಯ ನೇರ. ಕಲ್ಲಂಗಡಿಯನ್ನು ಒಂದೇ ಏಟಿಗೆ ಕತ್ತರಿಸಿದಾಗ ಸಿಪ್ಪೆಯ ಮೇಲೆ ಮೂಡುವ ಅಂಚು ಇದು: ಒಂದು ಸಮತಲವು ಮೈಯನ್ನು ಹಾದುಹೋದ ಗುರುತು. ಬುಗುರಿಯ ಪಟ್ಟೆ, ಗಡಿಗೆಯ ಕಂಠದ ಸುತ್ತಿನ ಗೆರೆ, ಭೂಗೋಳದ ಅಕ್ಷಾಂಶ ಎಲ್ಲವೂ ಈ ಜಾತಿಯವು. ಮೂರನೆಯದು ದಾರದ ನೇರ. ಬಡಗಿ ಬಣ್ಣದ ನೂಲನ್ನು ಎರಡು ತುದಿಯಲ್ಲಿ ಬಿಗಿಯಾಗಿ ಹಿಡಿದು ಮರದ ಮೇಲೆ ಚಿಮ್ಮಿಸುತ್ತಾನಲ್ಲ, ಅದೇ ನೂಲನ್ನು ಉಬ್ಬಿದ ಮೈಮೇಲೆ ಎಳೆದು ಹಿಡಿದರೆ ಅದು ತಾನೇ ಹುಡುಕಿಕೊಳ್ಳುವ ಅತ್ಯಂತ ಹತ್ತಿರದ ದಾರಿ. ನಾಲ್ಕನೆಯದು ಹಾಳೆಯ ನೇರ: ಮಾದರಿಯ ಚರ್ಮವನ್ನು ಬಿಚ್ಚಿ ಚಪ್ಪಟೆ ಹಾಸಿದ ಯುವಿ ಹಾಳೆಯ ಮೇಲೆ ಎಳೆದ ಗೆರೆ.

ಇವು ಕೆಲವೊಮ್ಮೆ ಒಂದಾಗುತ್ತವೆ, ಹೆಚ್ಚಿನ ಸಲ ಬೇರೆಯಾಗುತ್ತವೆ. ಗೋಳದ ಕೇಂದ್ರದ ಮೂಲಕವೇ ಕತ್ತಿ ಹಾಯ್ದರೆ ಕತ್ತಿಯ ಗೆರೆಯೂ ದಾರದ ಗೆರೆಯೂ ಒಂದೇ. ಸ್ವಲ್ಪ ಮೇಲೆ ಹಾಯ್ದರೆ ಅಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ಮೊದಲ ಬಾರಿಗೆ ಹಾರಿಸಿದ ನೇರ ವಿಮಾನ ಉತ್ತರ ಧ್ರುವದ ಮೇಲಿನಿಂದ ಬಂತು. ಗೋಡೆಗೆ ನೇತುಹಾಕಿದ ನಕ್ಷೆಯಲ್ಲಿ ಇದು ಊರು ಸುತ್ತಿ ಬಂದ ದಾರಿಯಂತೆ ಕಂಡರೂ, ಭೂಗೋಳದ ಮೇಲೆ ದಾರ ಎಳೆದು ನೋಡಿದರೆ ಅದೇ ನೇರ ದಾರಿಗೆ ಹತ್ತಿರ. ನಕ್ಷೆಗೂ ಭೂಗೋಳಕ್ಕೂ ಇರುವ ಈ ಜಗಳವೇ ಯುವಿ ಹಾಳೆಗೂ ಶಿಲ್ಪಕ್ಕೂ ನಡುವೆ ಇರುವುದು.

ನೇರವಾಗಿ ಎಳೆಯುವ ಬ್ರಷ್

ಎಲ್ಲರೂ ಮೊದಲು ಕೈ ಹಾಕುವುದು ಇದಕ್ಕೆ. ಬ್ಲೆಂಡರಿನಲ್ಲಿ ಬ್ರಷ್‌ನ ಸ್ಟ್ರೋಕ್ ವಿಧಾನವನ್ನು 'ಲೈನ್' ಎಂದು ಬದಲಿಸಿದರೆ, ಒತ್ತಿದ ಜಾಗದಿಂದ ಬಿಟ್ಟ ಜಾಗದವರೆಗೆ ನೇರ ಗೆರೆ ಬೀಳುತ್ತದೆ; ಆಲ್ಟ್ ಕೀಲಿ ಹಿಡಿದರೆ ಅದು 45 ಡಿಗ್ರಿಯ ಹೆಜ್ಜೆಗಳಲ್ಲಿ ಮಾತ್ರ ತಿರುಗುತ್ತದೆ. ಝೀಬ್ರಷ್‌ನ ಸ್ಟ್ರೋಕ್ ಮೆನುವಿನಲ್ಲಿ ಲೇಜಿ ಮೌಸ್‌ನ ಕೆಳಗೆ ಬ್ಯಾಕ್‌ಟ್ರ್ಯಾಕ್ ಎಂಬುದಿದ್ದು, ಅದರ ಲೈನ್ ಆಯ್ಕೆಯಲ್ಲಿ ಮೊದಲು ಹಾದಿಯನ್ನು ಎಳೆದು, ಬಂದ ಹಾದಿಯಲ್ಲೇ ಹಿಂತಿರುಗುವಾಗ ಬಣ್ಣ ಬೀಳುತ್ತದೆ. ಸಬ್‌ಸ್ಟನ್ಸ್ ಪೇಂಟರ್ ಎಂಬ, ಮಾದರಿಗೆ ಬಣ್ಣ ಬಳಿಯುವ ತಂತ್ರಾಂಶದಲ್ಲಿ ಒಂದು ಕಡೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ಸಾಕು. ಬರಿಯ ಲೇಜಿ ಮೌಸ್ ಅಥವಾ ಬ್ಲೆಂಡರಿನ ಸ್ಟೆಬಿಲೈಸ್ ಸ್ಟ್ರೋಕ್ ಈ ಗುಂಪಿಗೆ ಸೇರಿದವಲ್ಲ. ದಾರ ಕಟ್ಟಿದ ಆಟದ ಗಾಡಿಯಂತೆ ಬ್ರಷ್ ಕೈಯ ಹಿಂದೆ ಎಳೆದುಕೊಂಡು ಬರುವುದರಿಂದ ನಡುಕ ಹೋಗುತ್ತದೆಯೇ ಹೊರತು ಗೆರೆ ನೇರವಾಗುವುದಿಲ್ಲ.

ಇವೆಲ್ಲ ಕೊಡುವುದು ಪರದೆಯ ನೇರವನ್ನು. ನನ್ನ ಬುಗುರಿಯಲ್ಲಿ ಆದದ್ದು ಏನೆಂದು ಲೆಕ್ಕ ಹಾಕಿ ನೋಡಬಹುದು. ತ್ರಿಜ್ಯ 1 ಇರುವ ಗೋಳವನ್ನು ಅದರ ಕೇಂದ್ರದಿಂದ 4ರಷ್ಟು ದೂರದಲ್ಲಿ ಕ್ಯಾಮೆರಾ ಇಟ್ಟು ದೂರದ್ದು ಚಿಕ್ಕದಾಗಿ ಕಾಣುವ ಪರ್ಸ್ಪೆಕ್ಟಿವ್ ನೋಟದಲ್ಲಿ ನೋಡುತ್ತಿದ್ದೇವೆ ಎನ್ನಿ. ಗೋಳದ ಎದುರು ಮೈಯಲ್ಲಿ 0.5 ಎತ್ತರಕ್ಕೆ ಒಂದು ಅಡ್ಡ ಗೆರೆ ಎಳೆದರೆ, ಅದು ಎರಡು ಪಕ್ಕದ ಅಂಚು ಮುಟ್ಟುವಾಗ 0.6 ಎತ್ತರಕ್ಕೆ ಏರಿರುತ್ತದೆ. ಪರದೆಯ ಗೆರೆ ಎಂದರೆ ಕಣ್ಣಿನಿಂದ ಹೊರಟ ಒಂದು ಓರೆ ಹಲಗೆ. ಗೋಳದ ಹತ್ತಿರದ ಮೈಯನ್ನು ತಗ್ಗಿನಲ್ಲಿ, ದೂರದ ಮೈಯನ್ನು ಎತ್ತರದಲ್ಲಿ ಅದು ತಾಗುತ್ತದೆ. ಝೀಬ್ರಷ್‌ನಲ್ಲಿ ಪಿ ಕೀಲಿ ಒತ್ತಿ ಪರ್ಸ್ಪೆಕ್ಟಿವ್ ಆಫ್ ಮಾಡಿ, ಮಾದರಿಯನ್ನು ತಿರುಗಿಸುವಾಗ ಶಿಫ್ಟ್ ಹಿಡಿದು ನೆಟ್ಟಗಿನ ನೋಟಕ್ಕೆ ಕೂರಿಸಿದರೆ, ಅಥವಾ ಬ್ಲೆಂಡರಿನಲ್ಲಿ ಸಂಖ್ಯೆಯ ಕೀಲಿಗಳ 1 ಮತ್ತು 5ನ್ನು ಬಳಸಿ ಮುಂಭಾಗದ ಸಮಾನಾಂತರ ನೋಟಕ್ಕೆ ಬಂದರೆ, ಅದೇ ಬ್ರಷ್ ಅದೇ ಕೈಯಲ್ಲಿ ಕತ್ತಿಯ ನೇರವನ್ನು ಕೊಡತೊಡಗುತ್ತದೆ. ನನ್ನ ಅರ್ಧ ದಿನ ಹೋದದ್ದು ಈ ಒಂದು ಕೀಲಿಗಾಗಿ.

ಆದರೂ ಬ್ರಷ್‌ಗೆ ಇನ್ನೊಂದು ದೌರ್ಬಲ್ಯ ಉಳಿದೇ ಇರುತ್ತದೆ. ಮೈ ಅಂಚಿನ ಕಡೆಗೆ ಹೊರಳಿದಂತೆ ಪರದೆಯ ಮೇಲಿನ ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವೆ ಮೈಮೇಲಿನ ಅಂತರ ಹಿಗ್ಗುತ್ತದೆ. ಗೆರೆ ಹರಿದು ಮಣಿಸರದಂತಾಗುತ್ತದೆ, ಇಲ್ಲವೆ ಬಣ್ಣ ಎಳೆದಾಡಿದಂತಾಗುತ್ತದೆ. ಆದ್ದರಿಂದ ಕಣ್ಣೆದುರಿನ ಮೈಮೇಲಿನ ಗಿಡ್ಡ ಗೆರೆಗಳಿಗೆ ಮಾತ್ರ ನಾನು ಇದನ್ನು ಬಳಸುತ್ತೇನೆ: ಮುಖದ ಹಣೆಯ ಮೇಲಿನ ನಾಮ, ಕತ್ತಿಯ ಹಿಡಿಯ ಮೇಲಿನ ಗೀಟು, ಹೀಗೆ. ಹಣೆಯ ನಾಮಕ್ಕಂತೂ ಇದಕ್ಕಿಂತ ಸಲೀಸಾದ ದಾರಿ ಇಲ್ಲ. ಅದು ಮುಖದ ನಟ್ಟನಡುವೆ ಬರುವುದರಿಂದ ಎದುರಿನಿಂದ ಎಳೆದ ಗೆರೆ ಯಾವ ಕೋನದಿಂದ ನೋಡಿದರೂ ತನ್ನ ಸಮತಲವನ್ನು ಬಿಟ್ಟು ಹೋಗುವುದಿಲ್ಲ.

ಬಿಂದುಗಳ ಲೆಕ್ಕ

ಮುಂದಿನ ದಾರಿಗಳಿಗೆ ಹೋಗುವ ಮೊದಲು, ಗೆರೆ ಎಷ್ಟೇ ನೇರವಿದ್ದರೂ ಅದರ ಅಂಚು ಗರಗಸದ ಹಲ್ಲಿನಂತೆ ಕಾಣುವುದೇಕೆ ಎಂಬುದನ್ನು ಹೇಳಬೇಕು. ಝೀಬ್ರಷ್‌ನ ಪಾಲಿಪೇಂಟ್, ಬ್ಲೆಂಡರಿನ ಸ್ಕಲ್ಪ್ಟ್ ಮೋಡ್‌ನಲ್ಲಿ ಬಳಿಯುವ ಬಣ್ಣ, ನೋಮ್ಯಾಡ್‌ನ ಪೇಂಟ್ ಇವು ಬಣ್ಣವನ್ನು ಮಾದರಿಯ ಮೈಯನ್ನು ರೂಪಿಸುವ ಜಾಲರಿಯ ಬಿಂದುಗಳಲ್ಲಿ ಇಡುತ್ತವೆ. ಯುವಿ ಬೇಕಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಬಿಂದುಗಳು ಎಷ್ಟಿವೆಯೋ ಅಷ್ಟೇ ಸ್ಪಷ್ಟತೆ ಎಂಬುದು ಇದರ ಬೆಲೆ. 10 ಲಕ್ಷ ಬಿಂದುಗಳಿರುವ, ಸಮನಾಗಿ ಹರಡಿದ ಗೋಳದ ನಡುವಿನ ಸುತ್ತಿನಲ್ಲಿ ಸುಮಾರು 1,770 ಬಿಂದುಗಳು ಬರುತ್ತವೆ. ವ್ಯಾಸದ ನೂರನೇ ಒಂದು ಭಾಗದಷ್ಟು ದಪ್ಪದ ಗೆರೆ ಎಳೆದರೆ ಅದರ ಅಡ್ಡಕ್ಕೆ ಸಿಗುವುದು ಐದಾರು ಬಿಂದು ಮಾತ್ರ. ಜಾಲರಿಯ ತುಂಡುಗಳನ್ನು, ಅಂದರೆ ಪಾಲಿಗಾನ್‌ಗಳನ್ನು, ಇನ್ನೂ ಚಿಕ್ಕದಾಗಿ ಒಡೆಯುವ ಡಿವೈಡನ್ನು ಒಮ್ಮೆ ಮಾಡಿದರೆ ಪಾಲಿಗಾನ್‌ಗಳು ನಾಲ್ಕು ಪಟ್ಟಾಗುತ್ತವೆ, ಆದರೆ ಗೆರೆಯ ಅಡ್ಡಕ್ಕೆ ಬರುವ ಬಿಂದುಗಳು ಎರಡೇ ಪಟ್ಟು. ಮೆಮೊರಿ ನಾಲ್ಕು ಪಟ್ಟು ತೆತ್ತು ಚೂಪನ್ನು ಎರಡು ಪಟ್ಟು ಕೊಳ್ಳುವ ಈ ವ್ಯಾಪಾರ ಒಂದೆರಡು ಸುತ್ತಿಗೆ ಪರವಾಗಿಲ್ಲ, ಆಮೇಲೆ ಗಿಟ್ಟುವುದಿಲ್ಲ. ಅದೇ ಗೋಳಕ್ಕೆ ಸುತ್ತಲೂ 4,096 ಪಿಕ್ಸೆಲ್‌ಗಳ ಟೆಕ್ಸ್ಚರನ್ನು, ಅಂದರೆ ಬಣ್ಣದ ಚಿತ್ರವನ್ನು, ಹೊದಿಸಿದರೆ ನಡುಸುತ್ತಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಸ್ಪಷ್ಟತೆ ಸಿಗುತ್ತದೆ, ಜಾಲರಿ ಹಗುರವಾಗಿಯೇ ಉಳಿಯುತ್ತದೆ.

ಮಾಸ್ಕ್ ಹಾಕಿ ತುಂಬುವುದು

ಮನೆಗೆ ಸುಣ್ಣ ಬಳಿಯುವವರು ಕಾಗದದ ಟೇಪು ಅಂಟಿಸಿ ಬಣ್ಣ ಹಚ್ಚಿ ಕಿತ್ತು ತೆಗೆಯುವ ವಿಧಾನವೇ ಇದು, ಮತ್ತು ಸುತ್ತುವ ಪಟ್ಟೆಗಳಿಗೆ ನನ್ನ ಮೊದಲ ಆಯ್ಕೆ. ಸಮಾನಾಂತರ ನೋಟದಲ್ಲಿ ಮಾದರಿಯನ್ನು ನೆಟ್ಟಗೆ ನಿಲ್ಲಿಸಿ, ಝೀಬ್ರಷ್‌ನಲ್ಲಿ ಕಂಟ್ರೋಲ್ ಹಿಡಿದು ಮಾಸ್ಕ್‌ರೆಕ್ಟ್‌ನಿಂದ ಒಂದು ತೆಳು ಆಯತ ಎಳೆದರೆ, ಆ ಆಯತವು ಮಾದರಿಯ ಮುಂದಿನ ಮೈಯನ್ನೂ ಹಿಂದಿನ ಮೈಯನ್ನೂ ಒಟ್ಟಿಗೆ ಹಾಯುತ್ತದೆ. ಅಂದರೆ ಒಂದೇ ಎಳೆತಕ್ಕೆ ಪೂರ್ತಿ ಉಂಗುರ. ಕೂಡುವ ಜಾಗವೂ ಇಲ್ಲ, ಗೂನೂ ಇಲ್ಲ. ಖಾಲಿ ಜಾಗದಲ್ಲಿ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಮಾಸ್ಕ್ ತಿರುಗುಮುರುಗು ಮಾಡಿ, ಬೇಕಾದ ಬಣ್ಣ ಆರಿಸಿ, ಕಲರ್ ಮೆನುವಿನ ಫಿಲ್ ಆಬ್ಜೆಕ್ಟ್ ಒತ್ತಿದರೆ ಪಟ್ಟೆ ಸಿದ್ಧ. ಓರೆ ಗೆರೆಗೆ ಮಾಸ್ಕ್‌ಕರ್ವ್ ಬ್ರಷ್ ಬಳಸಬಹುದು, ಅದು ಗೆರೆಯ ಒಂದು ಬದಿಯನ್ನೆಲ್ಲ ಮುಚ್ಚುತ್ತದೆ. ಬ್ಲೆಂಡರಿನ ಬಾಕ್ಸ್ ಮಾಸ್ಕ್ ಮತ್ತು ಲೈನ್ ಮಾಸ್ಕ್ ಇದೇ ಕೆಲಸ ಮಾಡುತ್ತವೆ, ಬಣ್ಣ ತುಂಬಲು ಕಲರ್ ಫಿಲ್ಟರ್ ಇದೆ. ಎದುರಿನ ಮುಖಗಳಿಗೆ ಮಾತ್ರ ಅನ್ವಯಿಸುವ ಆಯ್ಕೆ ಆನ್ ಆಗಿದ್ದರೆ ಹಿಂಬದಿ ಬೋಳಾಗಿ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಟ್ಯಾಬ್ಲೆಟ್ಟಿನಲ್ಲಿ ಕೆಲಸ ಮಾಡುವವರಿಗೆ ನೋಮ್ಯಾಡ್‌ನ ಸೆಲ್‌ಮಾಸ್ಕ್ ಉಪಕರಣ ಆಯತ, ಗೆರೆ ಮೊದಲಾದ ಆಕಾರಗಳೊಡನೆ ಇದನ್ನೇ ಕೊಡುತ್ತದೆ, ಮತ್ತು ಬೆರಳಿನಿಂದ ಎಳೆಯುವಾಗ ಬ್ರಷ್‌ಗಿಂತ ಮಾಸ್ಕೇ ಹೆಚ್ಚು ನಂಬಿಕೆಗೆ ಅರ್ಹ.

ಈ ವಿಧಾನದಲ್ಲಿ ಒಂದು ಮೋಸ ಅಡಗಿದೆ. ಆಯತದ ಎತ್ತರ ಎಲ್ಲೆಡೆ ಒಂದೇ ಇದ್ದರೂ ಮೈಮೇಲೆ ಪಟ್ಟೆಯ ಅಗಲ ಒಂದೇ ಇರುವುದಿಲ್ಲ. ಗೋಳದ ನಡುವಿನಲ್ಲಿ ಎಳೆದ ಪಟ್ಟೆಯನ್ನು ಅಕ್ಷಾಂಶ 60 ಡಿಗ್ರಿಯಲ್ಲಿ ಅದೇ ಎತ್ತರದ ಆಯತದಿಂದ ಎಳೆದರೆ ಮೈಮೇಲೆ ಎರಡು ಪಟ್ಟು ಅಗಲವಾಗುತ್ತದೆ, ಏಕೆಂದರೆ ಅಲ್ಲಿ ಮೈ ಮಲಗಿಕೊಂಡಿದೆ. ಬುಗುರಿಯ ಭುಜದ ಮೇಲಿನ ಪಟ್ಟೆಗಳನ್ನು ಹೊಟ್ಟೆಯ ಪಟ್ಟೆಗಳಿಗಿಂತ ತೆಳುವಾದ ಆಯತದಿಂದಲೇ ಹಾಕಬೇಕು.

ಇದೇ ಜಾತಿಯ ಕೆಲಸಕ್ಕೆ ಇನ್ನೊಂದು ದಾರಿ ರೇಡಿಯಲ್ ಸಿಮೆಟ್ರಿ, ಮತ್ತು ಲೇತಿನ ನೆನಪು ಬರುವುದು ಇಲ್ಲಿ. ಅಕ್ಷದ ಸುತ್ತ 100 ಪ್ರತಿಗಳನ್ನು ಇಟ್ಟುಕೊಂಡರೆ ಬ್ರಷ್ಷನ್ನು 3.6 ಡಿಗ್ರಿಯಷ್ಟು ಸರಿಸಿದರೆ ಸಾಕು, ಸುತ್ತು ಪೂರ್ತಿಯಾಗುತ್ತದೆ. ಆದರೆ ಅಷ್ಟು ಚಿಕ್ಕ ಎಳೆತದಲ್ಲಿ ಕೈ ಕೂದಲೆಳೆಯಷ್ಟು ಜಾರಿದರೂ ಆ ಜಾರುವಿಕೆ 100 ಸಲ ಮರುಕಳಿಸಿ ಪಟ್ಟೆಯ ಅಂಚು ಚಕ್ಕುಲಿಯಂತಾಗುತ್ತದೆ. ಪಟ್ಟೆಗಿಂತ ಚುಕ್ಕಿಸಾಲಿಗೆ, ಮೇಲಿನಿಂದ ಮೊನೆಯವರೆಗೆ ಇಳಿಯುವ ಗೀಟುಗಳ ಗುಂಪಿಗೆ ಇದು ಚೆನ್ನ. ಮಾದರಿ ಅಕ್ಷದ ಮೇಲೆ ಸರಿಯಾಗಿ ಕುಳಿತಿರಬೇಕು, ಅಷ್ಟೆ.

ಜಾಲರಿಯನ್ನೇ ಕತ್ತರಿಸುವುದು

ಮಾಸ್ಕ್ ಕೂಡ ಬಿಂದುಗಳ ಮೇಲೆಯೇ ಕೂರುವುದರಿಂದ, ಜಾಲರಿಯ ಸಾಲುಗಳಿಗೆ ಓರೆಯಾಗಿ ಹೋಗುವ ಗೆರೆಯ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ರಕ್ಷಾಕವಚ, ಹೆಲ್ಮೆಟ್, ವಾಹನದ ಮೈ ಮುಂತಾದವುಗಳಲ್ಲಿ ಎರಡು ಬಣ್ಣಗಳ ನಡುವಿನ ಗಡಿ ಬ್ಲೇಡಿನಿಂದ ಕೊಯ್ದಂತಿರಬೇಕು. ಅಂಥ ಕಡೆ ಗೆರೆ ಹೋಗುವ ದಾರಿಯಲ್ಲೇ ಜಾಲರಿಗೆ ಹೊಸ ಅಂಚು ಹುಟ್ಟಿಸುವುದು ಉತ್ತಮ. ಝೀಬ್ರಷ್‌ನ ಸ್ಲೈಸ್‌ಕರ್ವ್ ಇದನ್ನು ಮಾಡುತ್ತದೆ: ಕಂಟ್ರೋಲ್ ಮತ್ತು ಶಿಫ್ಟ್ ಒಟ್ಟಿಗೆ ಹಿಡಿದು ಎಳೆದ ಗೆರೆಯುದ್ದಕ್ಕೂ ಪಾಲಿಗಾನ್‌ಗಳು ತುಂಡಾಗಿ, ಎರಡು ಬದಿಗಳು ಹೆಸರಿಟ್ಟ ಗುಂಪುಗಳಂತೆ ಬೇರೆ ಬೇರೆ ಪಾಲಿಗ್ರೂಪ್‌ಗಳಾಗುತ್ತವೆ. ಆಮೇಲೆ ಬ್ರಷ್ ಮೆನುವಿನ ಮಾಸ್ಕ್ ಬೈ ಪಾಲಿಗ್ರೂಪ್ಸ್ ಅನ್ನು 100ಕ್ಕೆ ಏರಿಸಿದರೆ ಕೈ ಎಷ್ಟು ಒರಟಾಗಿ ಓಡಿದರೂ ಬಣ್ಣ ಗಡಿ ದಾಟುವುದಿಲ್ಲ. ಕತ್ತರಿಸಿದ ಜಾಗದಲ್ಲಿ ಜಾಲರಿ ಗಲೀಜಾಗುತ್ತದೆ ನಿಜ. ಕೀಪ್ ಗ್ರೂಪ್ಸ್ ಆನ್ ಮಾಡಿ, ಜಾಲರಿಯನ್ನು ಹೊಸದಾಗಿ ಹೆಣೆಯುವ ಝೀರೀಮೆಶರ್ ಓಡಿಸಿದರೆ ಸಾಲುಗಳು ಗಡಿಯನ್ನು ಅನುಸರಿಸಿ ಮತ್ತೆ ಜೋಡಣೆಯಾಗುತ್ತವೆ. ಸಬ್‌ಡಿವಿಷನ್ ಹಂತಗಳಿರುವ, ಅಂದರೆ ಡಿವೈಡ್ ಮಾಡಿದ, ಮಾದರಿಯ ಮೇಲೆ ಸ್ಲೈಸ್ ಕೆಲಸ ಮಾಡುವುದಿಲ್ಲವಾದ್ದರಿಂದ ಇದನ್ನು ಸೂಕ್ಷ್ಮ ಕೆತ್ತನೆಗೆ ಮೊದಲೇ ಮುಗಿಸಿಕೊಳ್ಳಬೇಕು. ಸುಕ್ಕು, ರಂಧ್ರ ಎಲ್ಲ ಕೆತ್ತಿದ ಮೇಲೆ ಗೆರೆ ನೆನಪಾದರೆ ಈ ದಾರಿ ಮುಚ್ಚಿದೆ ಎಂದೇ ತಿಳಿಯಬೇಕು. ಬ್ಲೆಂಡರಿನಲ್ಲಿ ಬೈಸೆಕ್ಟ್ ಮತ್ತು ನೈಫ್ ಪ್ರಾಜೆಕ್ಟ್ ಇದಕ್ಕೆ ಸಮನಾದವು.

ದಾರದ ನೇರ ಬೇಕಾದಾಗ

ಉಡುಪಿನ ಹೊಲಿಗೆ, ಚೀಲದ ಪಟ್ಟಿ, ಮುಂಡಾಸಿನ ಮೇಲಿನ ಜರಿ ಇವು ಕತ್ತಿಯ ಗೆರೆಗಳಲ್ಲ. ಮೈಯ ಉಬ್ಬುತಗ್ಗುಗಳಿಗೆ ತಾವೇ ಹೊಂದಿಕೊಂಡು ಬಿಗಿಯಾಗುವ ಗೆರೆಗಳು. ಇವನ್ನು ಮಾಸ್ಕ್‌ನಿಂದ ಎಳೆದರೆ ಯಾವುದೋ ಒಂದು ಕೋನದಲ್ಲಿ ಸುಳ್ಳು ಎಂದು ಕಣ್ಣಿಗೆ ಹೊಡೆಯುತ್ತದೆ. ಬ್ಲೆಂಡರಿನಲ್ಲಿ ಎರಡು ಬಿಂದು ಆರಿಸಿ ಕಂಟ್ರೋಲ್ ಕ್ಲಿಕ್‌ನಿಂದ ಹತ್ತಿರದ ದಾರಿ ಹುಡುಕುವ ಸೌಲಭ್ಯ ಇದಕ್ಕೇ ಎಂದು ಅನೇಕರು ಭಾವಿಸುತ್ತಾರೆ, ಆದರೆ ಅದು ಜಾಲರಿಯ ಅಂಚುಗಳ ಮೇಲೆಯೇ ನಡೆಯುವುದರಿಂದ, ಓಣಿಗಳಲ್ಲಿ ಎಡಕ್ಕೆ ಬಲಕ್ಕೆ ತಿರುಗುತ್ತ ಹೋದವನಂತೆ ಅಂಕುಡೊಂಕಾದ ದಾರಿ ಕೊಡುತ್ತದೆ. ಅದಕ್ಕಿಂತ ಹಲವು ಬಾರಿ ವಿಭಜಿಸಿದ ಒಂದು ನೇರ ಅಂಚನ್ನು ತಂದು ಶ್ರಿಂಕ್‌ರ‍್ಯಾಪ್ ಮಾಡಿಫೈಯರ್‌ನಿಂದ ಮೈಗೆ ಅಂಟಿಸುವುದು ಮೇಲು. ಗೋಳದ ಮೇಲೆ ಇದು ನಿಜವಾದ ದಾರದ ಗೆರೆಯನ್ನೇ ಕೊಡುತ್ತದೆ. ಬೇರೆ ಆಕಾರಗಳ ಮೇಲೆ ಅದಕ್ಕೆ ಹತ್ತಿರದ್ದನ್ನು. ಝೀಬ್ರಷ್‌ನಲ್ಲಿ ಮೈಗೆ ಅಂಟಿಕೊಳ್ಳುವ ಕರ್ವ್‌ಸ್ಟ್ರ್ಯಾಪ್‌ಸ್ನ್ಯಾಪ್, ಕರ್ವ್‌ಟ್ಯೂಬ್‌ಸ್ನ್ಯಾಪ್ ಬ್ರಷ್‌ಗಳಿವೆ. ಇಲ್ಲಿ ಗೆರೆ ಬಣ್ಣವಾಗಿ ಉಳಿಯದೆ ಒಂದು ವಸ್ತುವೇ ಆಗುತ್ತದೆ, ಮತ್ತು ಹೊಲಿಗೆಗಾಗಲಿ ಪಟ್ಟಿಗಾಗಲಿ ಅದೇ ಸರಿ. ಎಳೆದ ಮೇಲೂ ಬಿಂದುಗಳನ್ನು ಸರಿಸಿ ತಿದ್ದಬಹುದು ಎಂಬುದು ಬ್ರಷ್‌ನಲ್ಲಿ ಎಂದಿಗೂ ಸಿಗದ ನೆಮ್ಮದಿ.

ಲೆಕ್ಕದಿಂದ ಬರುವ ಗೆರೆ, ಹಾಳೆಯ ಮೇಲಿನ ಗೆರೆ

ಕತ್ತಿಯ ನೇರವನ್ನು ಕೈಯನ್ನೇ ತಾಗಿಸದೆ ಪಡೆಯುವ ದಾರಿ, ಮೈಯ ಬಣ್ಣವನ್ನು ಲೆಕ್ಕದಿಂದ ತೀರ್ಮಾನಿಸುವ ಬ್ಲೆಂಡರಿನ ಶೇಡರ್‌ನಲ್ಲಿದೆ. ಟೆಕ್ಸ್ಚರ್ ಕೋಆರ್ಡಿನೇಟ್ ನೋಡ್‌ನ ಆಬ್ಜೆಕ್ಟ್ ತುದಿಯಿಂದ ಎತ್ತರದ ಬೆಲೆಯನ್ನು ಬೇರ್ಪಡಿಸಿ, ಮ್ಯಾಥ್ ನೋಡ್‌ನ ಕಂಪೇರ್‌ಗೆ ಕೊಟ್ಟು, ಪಟ್ಟೆಯ ನಡುವಿನ ಎತ್ತರವನ್ನೂ ಅರ್ಧ ಅಗಲವನ್ನೂ ಸಂಖ್ಯೆಗಳಲ್ಲಿ ತುಂಬಿದರೆ ಮುಗಿಯಿತು. ಬಿಂದುಗಳ ಹಂಗಿಲ್ಲ, ಎಷ್ಟು ಹತ್ತಿರ ಹೋದರೂ ಅಂಚು ಚೂಪು, ಪಟ್ಟೆ ಸರಿಸಬೇಕೆಂದರೆ ಒಂದು ಸಂಖ್ಯೆ ಬದಲಿಸಿದರೆ ಸಾಕು. ಮಾದರಿಯ ಆಕಾರ ಇನ್ನೂ ಬದಲಾಗುತ್ತಿರುವಾಗ, ಗಿರಾಕಿ ಪಟ್ಟೆಯ ಎತ್ತರದ ಬಗ್ಗೆ ದಿನಕ್ಕೊಂದು ಮಾತು ಹೇಳುತ್ತಿರುವಾಗ, ಇದಕ್ಕಿಂತ ಶಾಂತವಾದ ವಿಧಾನವನ್ನು ನಾನು ಕಂಡಿಲ್ಲ. ಮಾಸ್ಕ್‌ನ ಅಗಲದ ಮೋಸ ಇಲ್ಲಿಯೂ ಇದೆ. ಅಲ್ಲದೆ ಪಾತ್ರಕ್ಕೆ ಎಲುಬು ಜೋಡಿಸಿ ಬಗ್ಗಿಸಿದಾಗ ಗೆರೆ ಮೈಯನ್ನು ಬಿಟ್ಟು ತನ್ನ ಎತ್ತರದಲ್ಲೇ ನಿಂತುಬಿಡುವುದರಿಂದ, ಅದಕ್ಕೆ ಮೊದಲೇ ಟೆಕ್ಸ್ಚರ್‌ಗೆ ಬೇಕ್ ಮಾಡಿಕೊಳ್ಳಬೇಕು, ಅಂದರೆ ಲೆಕ್ಕದ ಬಣ್ಣವನ್ನು ಚಿತ್ರವಾಗಿ ಉಳಿಸಿಕೊಳ್ಳಬೇಕು. ಬೇಕ್ ಮಾಡಲು ಯುವಿ ಬೇಕು.

ಯುವಿ ಬಂದ ಮೇಲೆ ಹಾಳೆಯ ಮೇಲೆಯೇ ಗೆರೆ ಎಳೆಯಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಗೋಳವನ್ನು ಹಿಗ್ಗಿಸದೆ ಕುಗ್ಗಿಸದೆ ಚಪ್ಪಟೆ ಹಾಸಲು ಸಾಧ್ಯವಿಲ್ಲ ಎಂಬುದು ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯದಿಂದಲೇ ಹೊರಡುವ ಮಾತು. ಮುಖ, ಭುಜ, ಹೊಟ್ಟೆಗಳ ಯುವಿಯಲ್ಲಿ ಎಳೆದ ನೇರ ಗೆರೆ ಮೈಮೇಲೆ ಎಲ್ಲಿ ಬಾಗುತ್ತದೆಂದು ಊಹಿಸುವುದೇ ಕಷ್ಟ. ಕೊಳವೆ ಮತ್ತು ಶಂಕುವಿನ ಕಥೆ ಬೇರೆ. ಅವನ್ನು ಕಾಗದದಂತೆ ಬಿಚ್ಚಬಹುದು, ಬಿಚ್ಚಿದ ಹಾಳೆಯ ನೇರ ಗೆರೆ ಮೈಮೇಲೆ ದಾರದ ನೇರವೇ ಆಗಿರುತ್ತದೆ. ಬುಗುರಿಯ ಕೆಳಗಿನ ಶಂಕುವಿನಂಥ ಭಾಗ ಬಿಚ್ಚಿದರೆ ಬೀಸಣಿಗೆಯಾಗುತ್ತದೆ: ಮೊನೆಗೆ ಇಳಿಯುವ ಗೀಟುಗಳು ಅದರಲ್ಲಿ ನೇರ, ಸುತ್ತು ಪಟ್ಟೆಗಳು ಬಿಲ್ಲಿನಂತೆ ಬಾಗಿದವು. ಹಾಗಾಗಿ ಬುಗುರಿಯ ಗೀಟುಗಳನ್ನು ನಾನು ಹಾಳೆಯಲ್ಲಿ ಎಳೆದೆ, ಪಟ್ಟೆಗಳನ್ನು ಸಮಾನಾಂತರ ನೋಟದ ಮಾಸ್ಕ್‌ನಿಂದ ತುಂಬಿದೆ.

ಅದೇ ಆಟಕ್ಕೆ ಮಾಡಬೇಕಿದ್ದ ಗಿಲಕಿಯ ಹಿಡಿಯ ಮೇಲೆ ಮಾತ್ರ ಹಸಿರು ಹಳದಿಯ ಸುರುಳಿ ಪಟ್ಟೆ ಇತ್ತು. ಪರದೆಯಿಂದಲೂ ಮಾಸ್ಕ್‌ನಿಂದಲೂ ಸುರುಳಿ ಬರುವುದಿಲ್ಲ, ಅದು ಯಾವ ಸಮತಲದಲ್ಲೂ ಕೂರದ ಗೆರೆ. ಹಿಡಿ ಕೊಳವೆಯಾಗಿದ್ದರಿಂದ ಅದರ ಯುವಿ ಒಂದು ಅಚ್ಚುಕಟ್ಟಾದ ಆಯತವಾಯಿತು. ಆಯತದ ಎಡ ಅಂಚಿನಲ್ಲಿ ಗೆರೆ ಮುಟ್ಟುವ ಎತ್ತರಗಳೂ ಬಲ ಅಂಚಿನಲ್ಲಿ ಮುಟ್ಟುವ ಎತ್ತರಗಳೂ ಒಂದಕ್ಕೊಂದು ಸರಿಹೊಂದುವಂತೆ ಅಳೆದು, ಓರೆಯಾಗಿ ಆರು ನೇರ ಗೆರೆಗಳನ್ನು ಎಳೆದೆ. ಹಿಡಿಯ ಮೇಲೆ ಅವು ಒಂದನ್ನೊಂದು ಹಿಡಿದುಕೊಂಡು ಕೆಳಗಿನಿಂದ ಮೇಲಿನವರೆಗೆ ಹತ್ತಿಹೋದವು. ಹತ್ತು ನಿಮಿಷ ಸಾಕಾಯಿತು.